ಜಾವಾದಿಂದ ಬಂದ ಘಟೋತ್ಕಚ: ಕಥೆ ತಪ್ಪೇ? ಗೊಂಬೆ ಮನೆಯಲ್ಲಿ ಇಡಬಹುದೇ?

ಪ್ರಶ್ನೆ: ಕಳೆದ ಡಿಸೆಂಬರಿನಲ್ಲಿ ನಾವು ಇಂಡೋನೇಷ್ಯಾಕ್ಕೆ ಹೋಗಿದ್ದೆವು. ಅಲ್ಲಿನ ಜಾವಾ ದ್ವೀಪದ ಯೋಗ್ಯಕರ್ತ ಊರಿನ ಒಂದು ಅಂಗಡಿಯಲ್ಲಿ ಮಗಳು ಹಟ ಹಿಡಿದು ಒಂದು ತೊಗಲುಗೊಂಬೆ ಕೊಡಿಸಿಕೊಂಡಳು. ಮುಖ ಕಪ್ಪು, ಮೈ ಬಂಗಾರದ ಬಣ್ಣ, ಕೈಗಳು ಪಾದ ಮುಟ್ಟುವಷ್ಟು ಉದ್ದ. ಇದು ಘಟೋತ್ಕಚ ಅಂತ ಅಂಗಡಿಯವರು ಹೇಳಿದರು. ನೋಡಿದರೆ ಕೋರೆಹಲ್ಲೂ ಇಲ್ಲ, ದೊಡ್ಡ ಹೊಟ್ಟೆಯೂ ಇಲ್ಲ. ಅವರು ಹೇಳಿದ ಕಥೆಯೂ ನಾವು ಕೇಳಿದ್ದಲ್ಲ. ಹುಟ್ಟಿದಾಗ ಅವನ ಹೊಕ್ಕುಳಬಳ್ಳಿ ಕತ್ತರಿಸಲು ಆಗಲಿಲ್ಲವಂತೆ, ಕರ್ಣನ ಆಯುಧದ ಒರೆ ಹೊಟ್ಟೆಯೊಳಗೆ ಸೇರಿಹೋಯಿತಂತೆ, ದೊಡ್ಡವನಾಗಿ ಅರ್ಜುನನ ಮಗಳನ್ನೇ ಮದುವೆಯಾದನಂತೆ. ಏಳನೇ ತರಗತಿಯ ಮಗಳು ಶಾಲೆಯ ಕಥೆ ಹೇಳುವ ಸ್ಪರ್ಧೆಗೆ ಇದನ್ನೇ ಆರಿಸಿಕೊಂಡಿದ್ದಾಳೆ. ತಾಳಮದ್ದಳೆ ಕೇಳಿಕೊಂಡೇ ಬೆಳೆದ ನನ್ನ ಮಾವ, "ಇದು ಭಾರತವೇ ಅಲ್ಲ. ಮತ ಬದಲಾದ ಮೇಲೆ ಅಲ್ಲಿನವರು ಕೆಡಿಸಿದ ಕಥೆ. ಮಗುವಿಗೆ ತಪ್ಪು ಕಲಿಸಬೇಡಿ" ಅನ್ನುತ್ತಾರೆ. ದೇವರ ಕೋಣೆಯ ಗೋಡೆಗೆ ರಾಕ್ಷಸನ ಚರ್ಮದ ಗೊಂಬೆ ತೂಗುಹಾಕಿದ್ದು ಅತ್ತೆಗೆ ಇಷ್ಟವಿಲ್ಲ. ಈ ಮಳೆಗಾಲದಲ್ಲಿ ಗೊಂಬೆ ಬೇರೆ ಮುರುಟಿಕೊಳ್ಳುತ್ತಿದೆ, ಅಂಚಿನಲ್ಲಿ ಬಿಳಿ ಬೂಷ್ಟು ಬಂದಿದೆ. ಏನು ಮಾಡಲಿ?
(ಉಡುಪಿ ಹತ್ತಿರದ ಓದುಗರೊಬ್ಬರು)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ. ಮಗಳು ಹೇಳಹೊರಟ ಕಥೆ ತಪ್ಪೇ? ರಾಕ್ಷಸನ ಗೊಂಬೆ ಮನೆಯಲ್ಲಿ ಇರಬಹುದೇ? ಹಾಳಾಗುತ್ತಿರುವ ಗೊಂಬೆಯನ್ನು ಉಳಿಸಿಕೊಳ್ಳುವುದು ಹೇಗೆ? ತೊಗಲುಗೊಂಬೆಗಳ ಅಧ್ಯಯನ ಮತ್ತು ದುರಸ್ತಿಯೇ ನನ್ನ ಕೆಲಸ. ನಮ್ಮ ಗೊಂಬೆಗಳನ್ನೂ ಜಾವಾದ ಗೊಂಬೆಗಳನ್ನೂ ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೊದಲ ಎರಡು ಚಿಂತೆಗಳನ್ನು ನೀವು ಬಿಟ್ಟುಬಿಡಬಹುದು. ಮೂರನೆಯದಕ್ಕೆ ಮಾತ್ರ ಈ ವಾರವೇ ಕೈ ಹಚ್ಚಬೇಕು.

ಅಂಗಡಿಯವರು ಸುಮ್ನೆ ಏನೋ ಹೇಳಿ ಮಾರಿದ್ದಲ್ಲ. ನಿಮ್ಮ ಗೊಂಬೆ ನಿಜವಾಗಿಯೂ ಘಟೋತ್ಕಚನದೇ ಇರಬೇಕು. ಹೀಗೆ ನೋಡಿ. ಕೂದಲು ತಲೆಯ ಹಿಂದಿನಿಂದ ಮೇಲಕ್ಕೆ ಸುತ್ತಿ ಸಿಗಡಿಯ ಕೊಂಡಿಯ ಹಾಗೆ ಬಾಗಿದೆಯಾ? ಆ ಜಡೆಗೆ ಜಾವಾದಲ್ಲಿ ಹೆಸರೇ 'ಸಿಗಡಿ ಕೊಂಡಿ'. ಅದರ ಹಿಂಬದಿಯಲ್ಲಿ ಹಿಂದಕ್ಕೆ ಮುಖ ಮಾಡಿದ ಒಂದು ಗರುಡನ ತಲೆ ಇದೆಯಾ? ಕಣ್ಣು ದುಂಡಗೆ, ಮೂಗು ಮೊಂಡು, ಕಾಲುಗಳು ಅಗಲಕ್ಕೆ ಊರಿವೆಯಾ? ಮೀಸೆ ಇದೆಯಾ? ದುಂಡು ಕಣ್ಣು, ಮೊಂಡು ಮೂಗು ಎರಡೂ ಅಪ್ಪ ಭೀಮನಿಂದ ಬಂದವು. ಅರ್ಜುನನ ಗೊಂಬೆಯಾಗಿದ್ದರೆ ಕಣ್ಣು ಬತ್ತದ ಕಾಳಿನ ಹಾಗೆ ಸಣ್ಣಗೆ, ಮೂಗು ಚೂಪಾಗಿ, ಮುಖ ತಗ್ಗಿಸಿಕೊಂಡಿರುತ್ತಿತ್ತು.

ಒಂದು ಮಜವಾದ ವಿಷಯ ಕೇಳಿ. ಘಟೋತ್ಕಚ ಅನ್ನುವ ಹೆಸರು ಬಂದದ್ದೇ ಬೋಳುತಲೆಯಿಂದ. ಘಟ ಅಂದರೆ ಮಡಕೆ, ಉತ್ಕಚ ಅಂದರೆ ಕೂದಲಿಲ್ಲದ್ದು. ವ್ಯಾಸ ಭಾರತದಲ್ಲಿ ಹಿಡಿಂಬೆಯ ಮಗ ಹುಟ್ಟಿದ ದಿನವೇ ಬೆಳೆದು ನಿಂತಾಗ ತಲೆ ಮಡಕೆಯ ಹಾಗೆ ನುಣ್ಣಗಿತ್ತು. ಜಾವಾದವರು ಹೆಸರನ್ನು ಬಿಡಲಿಲ್ಲ, ಆದರೆ ಬೋಳುತಲೆಗೆ ಸೊಗಸಾದ ಜಡೆ ಸುತ್ತಿದರು. ಅವರ ಬಾಯಲ್ಲಿ ಅವನು 'ಗಟುತ್‌ಕೊಚೊ'. ಪದದ ಕೊನೆಯ ಅಕಾರ ಅಲ್ಲಿ ಒಕಾರವಾಗುತ್ತದೆ. ಭೀಮ 'ಬಿಮೊ' ಆಗುವುದೂ ಹಾಗೇ.

ಈಗ ನಿಮ್ಮ ಮಾವನವರ ಮಾತಿಗೆ ಬರುತ್ತೇನೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಭಾರತವನ್ನು ಇಷ್ಟು ಪ್ರೀತಿಯಿಂದ ಕೇಳಿದವರಿಗೆ ಕಥೆ ಬೇರೆಯಾಗಿ ಕಂಡಾಗ ಕಸಿವಿಸಿ ಆಗಿಯೇ ಆಗುತ್ತದೆ. ಅವರ ಮಾತಿನಲ್ಲಿ ಒಂದು ಭಾಗ ಸರಿಯೂ ಹೌದು. ಒರೆಯ ಕಥೆ ವ್ಯಾಸರದ್ದಲ್ಲ, ಕುಮಾರವ್ಯಾಸನದ್ದೂ ಅಲ್ಲ. ಆದರೆ 'ಮತ ಬದಲಾದ ಮೇಲೆ ಕೆಡಿಸಿದರು' ಅನ್ನುವುದು ಸರಿಯಲ್ಲ.

ಕಾಲವನ್ನು ಸ್ವಲ್ಪ ನೋಡೋಣ. ಕ್ರಿ.ಶ. 907ರ ಒಂದು ಶಾಸನ ಜಾವಾದಲ್ಲಿದೆ. ಬಲಿತುಂಗ್ ಅನ್ನುವ ರಾಜನ ಕಾಲದ್ದು. ಗಲಿಗಿ ಎಂಬ ಕಲಾವಿದ ದೇವತೆಗಾಗಿ ವಯಾಂಗ್, ಅಂದರೆ ಜಾವಾದ ಗೊಂಬೆಯಾಟ, ಆಡಿದ, ಭೀಮನ ಕಥೆ ಹೇಳಿದ ಅಂತ ಅದರಲ್ಲಿ ಬರೆದಿದೆ. ನಮ್ಮ ಪಂಪ 'ವಿಕ್ರಮಾರ್ಜುನ ವಿಜಯ' ಬರೆಯುವುದಕ್ಕೂ ಮೊದಲಿನ ಮಾತು ಇದು. 996ರಲ್ಲಿ ಧರ್ಮವಂಶ ರಾಜನ ಆಸ್ಥಾನದಲ್ಲಿ ವಿರಾಟಪರ್ವವನ್ನು ಹಳೆಯ ಜಾವಾ ಭಾಷೆಯ ಗದ್ಯದಲ್ಲಿ ಓದಿಸಿದರು. 1157ರಲ್ಲಿ ಕೆದಿರಿಯ ರಾಜ ಜಯಭಯನ ಆಶ್ರಯದಲ್ಲಿ ಎಂಪು ಸೆದಾಹ್ ಎಂಬ ಕವಿ 'ಭಾರತಯುದ್ಧ' ಕಾವ್ಯ ಶುರುಮಾಡಿದ, ಎಂಪು ಪನುಲುಹ್ ಅದನ್ನು ಮುಗಿಸಿದ. ಅದೇ ಪನುಲುಹ್ ಮುಂದೆ ಇನ್ನೊಂದು ಕಾವ್ಯ ಬರೆದ. ಅದರ ಹೆಸರು 'ಘಟೋತ್ಕಚಾಶ್ರಯ'. ಇವರೆಲ್ಲ ಹಿಂದೂ ರಾಜರ ಆಸ್ಥಾನದವರು. ಜಾವಾದಲ್ಲಿ ಇಸ್ಲಾಂ ಬೇರೂರಿದ್ದು ಇದಾಗಿ ಎಷ್ಟೋ ಕಾಲದ ಮೇಲೆ.

ಘಟೋತ್ಕಚಾಶ್ರಯದ ಕಥೆ ಏನು ಗೊತ್ತಾ? ಅಭಿಮನ್ಯು ದ್ವಾರಕೆಯಲ್ಲಿ ಬೆಳೆಯುತ್ತಾನೆ. ಕೃಷ್ಣನ ಮಗಳು ಕ್ಷಿತಿಸುಂದರಿಯ ಮೇಲೆ ಮನಸ್ಸಾಗುತ್ತದೆ. ಬಲರಾಮನಿಗೆ ಹುಡುಗಿಯನ್ನು ದುರ್ಯೋಧನನ ಮಗ ಲಕ್ಷಣ ಕುಮಾರನಿಗೆ ಕೊಡುವ ಆಸೆ. ದಿಕ್ಕು ತೋಚದ ಅಭಿಮನ್ಯು ಅಣ್ಣ ಘಟೋತ್ಕಚನ ಆಶ್ರಯಕ್ಕೆ ಹೋಗುತ್ತಾನೆ. ಅವನ ಬಲದಿಂದ ಮದುವೆ ಕೈಗೂಡುತ್ತದೆ.

ಮಾವನವರಿಗೆ ಇದನ್ನು ಓದಿ ಹೇಳಿ. ತಕ್ಷಣ ಗುರುತು ಹಿಡಿಯುತ್ತಾರೆ. ಯಕ್ಷಗಾನದ 'ಕನಕಾಂಗಿ ಕಲ್ಯಾಣ' ಇದೇ ತಾನೇ? ಅಲ್ಲಿ ಕೃಷ್ಣನ ಮಗಳ ಬದಲು ಬಲರಾಮನ ಮಗಳು, ಅಷ್ಟೇ. ಅದೇ ಅಭಿಮನ್ಯು, ಅದೇ ಲಕ್ಷಣ ಕುಮಾರ, ಅದೇ ಘಟೋತ್ಕಚ. ಈ ಮದುವೆ ವ್ಯಾಸ ಭಾರತದಲ್ಲಿ ಇಲ್ಲವೇ ಇಲ್ಲ. ವ್ಯಾಸರ ಅಭಿಮನ್ಯುವಿಗೆ ಉತ್ತರೆ ಒಬ್ಬಳೇ. ಆದರೂ ನಾವು ರಾತ್ರಿಯಿಡೀ ಕೂತು ಕನಕಾಂಗಿ ಕಲ್ಯಾಣ ನೋಡುತ್ತೇವೆ, ಯಾರೂ ಅದನ್ನು ಕೆಟ್ಟುಹೋದ ಭಾರತ ಅನ್ನುವುದಿಲ್ಲ. ಸಮುದ್ರದ ಆಚೆಯವರೂ ಈಚೆಯವರೂ ಘಟೋತ್ಕಚನನ್ನು ನೋಡಿ ಒಂದೇ ಥರ ಯೋಚಿಸಿದ್ದಾರೆ. ಯುದ್ಧಕ್ಕೆ ಬೇಕಾದಾಗ ಕರೆಸಿಕೊಂಡು, ಸತ್ತಾಗ 'ಸದ್ಯ, ಕರ್ಣನ ಶಕ್ತಿ ಖರ್ಚಾಯಿತು' ಅಂತ ನಿಟ್ಟುಸಿರು ಬಿಟ್ಟರೆ ಸಾಕಾ? ಈ ಹುಡುಗನಿಗೆ ಮನೆಯಲ್ಲಿ ಒಂದು ಜಾಗ ಬೇಡವಾ? ಹಾಗೆ ಅನಿಸಿದ್ದರಿಂದಲೇ ಎರಡೂ ಕಡೆಯ ಜನ ಅವನನ್ನು ತಮ್ಮನ ಮದುವೆ ಮಾಡಿಸುವ ಅಣ್ಣನನ್ನಾಗಿ ಮಾಡಿಕೊಂಡರು ಅನ್ನುವುದು ನನ್ನ ನಂಬಿಕೆ.

ವ್ಯಾಸರ ದ್ರೋಣಪರ್ವದಲ್ಲಿ ಅವನ ಸಾವಿನ ಸಂದರ್ಭ ನೆನಪಿಸಿಕೊಳ್ಳಿ. ಹದಿನಾಲ್ಕನೆಯ ದಿನ ಜಯದ್ರಥ ಸತ್ತ ಮೇಲೂ ಯುದ್ಧ ನಿಲ್ಲಲಿಲ್ಲ. ಕತ್ತಲಲ್ಲಿ ಪಂಜು ಹಿಡಿದು ಹೋರಾಡಿದರು. ಅರ್ಜುನನಿಗೆಂದು ಕರ್ಣ ಕಾಪಾಡಿಕೊಂಡಿದ್ದ ಇಂದ್ರನ ಶಕ್ತ್ಯಾಯುಧ ಘಟೋತ್ಕಚನ ಮೇಲೆ ಹೋಯಿತು. ಬೀಳುವಾಗ ಮೈ ಹಿಗ್ಗಿಸಿ ಒಂದು ಅಕ್ಷೌಹಿಣಿ ಸೇನೆಯನ್ನು ಅಡಿಗೆ ಹಾಕಿಕೊಂಡು ಸತ್ತ. ಪಾಂಡವರು ಅಳುತ್ತಿದ್ದಾಗ ಕೃಷ್ಣ ಕುಣಿದ. ಕರ್ಣ ಕೊಲ್ಲದಿದ್ದರೆ ಮುಂದೆ ನಾನೇ ಇವನನ್ನು ಕೊಲ್ಲಬೇಕಾಗುತ್ತಿತ್ತು ಅಂದ. ಆ ಮಾತು ಕೇಳುಗರ ಎದೆಯಲ್ಲಿ ಒಂದು ಮುಳ್ಳಿನ ಹಾಗೆ ಉಳಿಯುತ್ತದೆ.

ಜಾವಾದ ಗೊಂಬೆಯಾಟದವರು ಆ ಮುಳ್ಳನ್ನು ತಮ್ಮದೇ ರೀತಿಯಲ್ಲಿ ತೆಗೆದರು. ಸಾವು ಹೀಗೇ ಆಗಬೇಕಿತ್ತು ಅನ್ನುವುದಕ್ಕೆ ಹುಟ್ಟಿನಲ್ಲೇ ಕಾರಣ ಇಟ್ಟರು. ನಿಮ್ಮ ಮಗಳಿಗೆ ಅಂಗಡಿಯಲ್ಲಿ ಸಿಕ್ಕಿದ್ದು ಅದರ ಅರ್ಧ ಮಾತ್ರ. ಪೂರ್ತಿ ಹೇಳುತ್ತೇನೆ. ಊರಿಂದ ಊರಿಗೆ ವಿವರ ಸ್ವಲ್ಪ ಬದಲಾಗುತ್ತದೆ, ಬೆನ್ನೆಲುಬು ಇದೇ.

ಭೀಮನಿಗೂ ಅರಿಂಬಿಗೂ, ಅಂದರೆ ನಮ್ಮ ಹಿಡಿಂಬೆಗೂ, ಮಗು ಹುಟ್ಟುತ್ತದೆ. ಹೆಸರು ತೆತುಕ. ಹೊಕ್ಕುಳಬಳ್ಳಿ ಯಾವ ಆಯುಧಕ್ಕೂ ತುಂಡಾಗುವುದಿಲ್ಲ. ಚಿಕ್ಕಪ್ಪ ಅರ್ಜುನ ದೇವತೆಗಳ ಹತ್ತಿರ ಆಯುಧ ಬೇಡಲು ಹೋಗುತ್ತಾನೆ. ಕೊಂತ ಎಂಬ ಆಯುಧ ತಂದ ನಾರದ, ನೋಡಲು ಅರ್ಜುನನ ಹಾಗೇ ಇದ್ದ ಕರ್ಣನ ಕೈಗೆ ಅದನ್ನು ಕೊಟ್ಟುಬಿಡುತ್ತಾನೆ. ತಪ್ಪು ತಿಳಿದು ಅರ್ಜುನ ಓಡಿಬಂದು ಕರ್ಣನ ಜೊತೆ ಸೆಣಸಿದಾಗ ಅವನ ಕೈಗೆ ಬರುವುದು ಬರೀ ಒರೆ. ಮರದ ಆ ಒರೆಯಿಂದಲೇ ಬಳ್ಳಿ ತುಂಡಾಗುತ್ತದೆ. ಆದರೆ ಒರೆ ಮಗುವಿನ ಹೊಕ್ಕುಳಲ್ಲಿ ಇಳಿದು ಮೈಯೊಳಗೆ ಸೇರಿಹೋಗುತ್ತದೆ. ಕತ್ತಿ ಒಂದು ಕಡೆ, ಒರೆ ಇನ್ನೊಂದು ಕಡೆ. ಎಂದಾದರೂ ಒಂದು ದಿನ ಕತ್ತಿ ತನ್ನ ಒರೆಯನ್ನು ಹುಡುಕಿಕೊಂಡು ಬರುತ್ತದೆ, ಅಲ್ವಾ? ಹುಟ್ಟಿದ ಮನೆಯಲ್ಲೇ ಸಾವಿನ ವಿಳಾಸ ಬರೆದಾಯಿತು.

ಆಮೇಲೆ ದೇವಲೋಕಕ್ಕೆ ಮುತ್ತಿಗೆ ಹಾಕಿದ ರಾಕ್ಷಸರ ವಿರುದ್ಧ ಹೋರಾಡಲು ಈ ಮಗುವನ್ನೇ ಕೇಳುತ್ತಾರೆ. ಚಂದ್ರಾದಿಮುಕ ಎಂಬ ಕುದಿಯುವ ಕುಂಡಕ್ಕೆ ಮಗುವನ್ನು ಇಳಿಸಿ, ದೇವತೆಗಳು ಮೇಲಿಂದ ತಮ್ಮ ಆಯುಧಗಳನ್ನು ಎಸೆಯುತ್ತಾರೆ. ಲೋಹವೆಲ್ಲ ಕರಗಿ ಮೈಯಲ್ಲಿ ಬೆರೆತು ಅವನು ಪ್ರಾಯದ ವೀರನಾಗಿ ಎದ್ದು ಬರುತ್ತಾನೆ. ಅವನ ಬಗ್ಗೆ ಜಾವಾದಲ್ಲಿ ಮಕ್ಕಳ ಬಾಯಲ್ಲೂ ಇರುವ ಮಾತು 'ಒತೊತ್ ಕವತ್, ಬಲುಂಗ್ ವೆಸಿ'. ಸ್ನಾಯು ತಂತಿ, ಎಲುಬು ಕಬ್ಬಿಣ. ಅವನ ಹತ್ತಿರ ಹಾರುವ ಶಕ್ತಿಯ ಕವಚವಿದೆ. ಬಿಸಿಲೂ ತಾಗದ, ಮಳೆಯೂ ನೆನೆಸದ ಟೋಪಿಯಿದೆ. ಮಕ್ಕಳಿಗೆ ಈ ಟೋಪಿ ತುಂಬಾ ಇಷ್ಟವಾಗುತ್ತದೆ, ನಿಮ್ಮ ಮಗಳು ಇದನ್ನು ಬಿಡಬಾರದು. ಡಿಯೆಂಗ್ ಎಂಬ ಎತ್ತರದ ಬೆಟ್ಟಪ್ರದೇಶದಲ್ಲಿ ಚಂದ್ರಾದಿಮುಕ ಎಂಬ ಹೆಸರಿನ ನಿಜವಾದ ಜ್ವಾಲಾಮುಖಿ ಕುಂಡವೇ ಇದೆ. ಅಲ್ಲೇ ಘಟೋತ್ಕಚನ ಹೆಸರಿನ ಹಳೆಯ ಗುಡಿಯೂ ಇದೆ. ಆದರೆ ಅದು ಅವನಿಗೆ ಕಟ್ಟಿದ ಗುಡಿಯಲ್ಲ, ಶೈವ ಗುಡಿ. ಅರ್ಜುನ, ಭೀಮ, ಘಟೋತ್ಕಚ ಅನ್ನುವ ಹೆಸರುಗಳನ್ನು ಜನ ಎಷ್ಟೋ ಕಾಲದ ನಂತರ ಇಟ್ಟುಕೊಂಡರು.

ಇನ್ನು ಅವನು ಸಾಯುವ ರಾತ್ರಿ. ಜಾವಾದಲ್ಲಿ ಆ ಪ್ರಸಂಗಕ್ಕೆ 'ಸುಲುಹನ್' ಅಂತಲೂ ಹೆಸರು. ಸುಲುಹ್ ಅಂದರೆ ಪಂಜು. ವ್ಯಾಸರ ಅದೇ ಪಂಜಿನ ರಾತ್ರಿ ಅಲ್ಲಿ ಪ್ರಸಂಗದ ಹೆಸರಾಗಿ ಉಳಿದಿದೆ. ಇದಕ್ಕೆ ಮುಂಚಿನ ಒಂದು ಘಟನೆ ಗೊತ್ತಿರಬೇಕು. ಅಭಿಮನ್ಯು ಉತ್ತರೆಯನ್ನು ಎರಡನೇ ಮದುವೆಯಾಗುವಾಗ 'ನನಗೆ ಮೊದಲು ಮದುವೆ ಆಗಿಲ್ಲ, ಸುಳ್ಳಾದರೆ ಮೈತುಂಬ ಆಯುಧ ಚುಚ್ಚಿ ಸಾಯಲಿ' ಅಂತ ಆಣೆ ಇಟ್ಟಿರುತ್ತಾನೆ. ಘಟೋತ್ಕಚನ ಸೋದರಮಾವ ಕಾಲಬೆಂದನ ಕುಳ್ಳ, ಸುಳ್ಳು ಹೇಳಲು ಬಾರದವನು. ಅವನು ಈ ಮದುವೆಯ ವಿಷಯವನ್ನು ಅಭಿಮನ್ಯುವಿನ ಮೊದಲ ಹೆಂಡತಿ ಕ್ಷಿತಿಸುಂದರಿಗೆ ಹೇಳಿಬಿಡುತ್ತಾನೆ. ತಮ್ಮನ ಗುಟ್ಟು ಒಡೆಯಿತೆಂಬ ಸಿಟ್ಟಿನಲ್ಲಿ ಘಟೋತ್ಕಚ ಒಂದು ಏಟು ಕೊಡುತ್ತಾನೆ. ಕೊಲ್ಲುವ ಮನಸ್ಸಿರಲಿಲ್ಲ. ಆದರೆ ಆ ಕೈ ಕಬ್ಬಿಣದ್ದು. ಮಾವ ಸತ್ತುಹೋಗುತ್ತಾನೆ.

ಯುದ್ಧದ ರಾತ್ರಿ ಕರ್ಣ ಕೊಂತವನ್ನು ಎಸೆದಾಗ ಘಟೋತ್ಕಚ ಮೋಡದೊಳಗೆ ಹಾರಿ ಅಡಗುತ್ತಾನೆ. ಆಯುಧ ಅಷ್ಟು ಎತ್ತರಕ್ಕೆ ಏರಲಾರದು. ಆಗ ಕಾಲಬೆಂದನನ ಆತ್ಮ ಬಂದು ಆಯುಧವನ್ನು ಹಿಡಿದು ಅವನ ಹೊಕ್ಕುಳಿಗೆ ಮುಟ್ಟಿಸುತ್ತದೆ. ಕತ್ತಿ ಒರೆ ಸೇರುತ್ತದೆ. ಬೀಳುವಾಗಲೂ ಅವನು ಗುರಿಯಿಟ್ಟು ಕರ್ಣನ ರಥದ ಮೇಲೇ ಬೀಳುತ್ತಾನೆ. ರಥ, ಕುದುರೆ ಎಲ್ಲ ನುಚ್ಚುನೂರು. ಕರ್ಣ ಹಾರಿ ತಪ್ಪಿಸಿಕೊಳ್ಳುತ್ತಾನೆ.

ಯೋಗ್ಯಕರ್ತದ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ರಾತ್ರಿಯಾಟ ನೋಡಿದ್ದೇನೆ. ಆಟ ರಾತ್ರಿ ಒಂಬತ್ತರ ಹೊತ್ತಿಗೆ ಶುರುವಾಗಿ ಬೆಳಗಿನವರೆಗೆ ನಡೆಯುತ್ತದೆ. ಆಡಿಸುವವನಿಗೆ ದಲಂಗ್ ಅನ್ನುತ್ತಾರೆ. ಒಬ್ಬನೇ ಎಲ್ಲ ಗೊಂಬೆ ಆಡಿಸುತ್ತಾನೆ, ಎಲ್ಲರ ಮಾತೂ ಅವನದೇ. ಘಟೋತ್ಕಚ ಹಾರುವಾಗ ಏನು ಮಾಡುತ್ತಾನೆ ನೋಡಿ. ಗೊಂಬೆಯನ್ನು ಪರದೆಯಿಂದ ಹಿಂದಕ್ಕೆ, ದೀಪದ ಕಡೆಗೆ ಎಳೆಯುತ್ತಾನೆ. ನೆರಳು ದೊಡ್ಡದಾಗುತ್ತಾ, ಮಸುಕಾಗುತ್ತಾ ಪರದೆಯನ್ನೇ ತುಂಬುತ್ತದೆ. ತಟ್ಟನೆ ಪರದೆಗೆ ತಾಗಿಸಿದಾಗ ಚೂಪಾದ ಕಪ್ಪು ಆಕೃತಿ. ಅದೇ ಹೊತ್ತಿಗೆ ಕಾಲಿನಿಂದ ಲೋಹದ ಫಲಕಗಳನ್ನು ಬಡಿದು ಝಣ್ ಅನ್ನಿಸುತ್ತಾನೆ. ತೂಕಡಿಸುತ್ತಿದ್ದ ಮಕ್ಕಳೆಲ್ಲ ಎದ್ದು ಕೂತರು. ಅವನು ಬಿದ್ದಾಗ ನನ್ನ ಪಕ್ಕದ ಅಜ್ಜಿ ಸೆರಗಿನಂಥ ಬಟ್ಟೆಯಲ್ಲಿ ಕಣ್ಣು ಒರೆಸಿಕೊಂಡರು. ಆ ಅಜ್ಜಿ ಮುಸ್ಲಿಂ, ದಲಂಗ್ ಕೂಡ ಮುಸ್ಲಿಂ. ಈಗ ಜಾವಾದ ದಲಂಗ್‌ಗಳಲ್ಲಿ ಹೆಚ್ಚಿನವರು ಮುಸ್ಲಿಮರೇ. ಅವರು ಈ ಕಥೆಯನ್ನು ಬೆಳೆಸಿದ್ದು ಹೌದು. ಒರೆಯ ಕಥೆ ಹಳೆಯ ಕಾವ್ಯಗಳಿಗಿಂತ ಗೊಂಬೆಯಾಟದವರ ಬಾಯಲ್ಲೇ ಬೆಳೆದದ್ದು. ಆದರೆ ಪಾಂಡವರನ್ನು ಇಷ್ಟು ಶತಮಾನ ಜೀವಂತ ಇಟ್ಟವರೂ ಅವರೇ. ಇದನ್ನು ಕೆಡಿಸಿದ್ದು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಗೊಂಬೆಯ ಉದ್ದ ಕೈ, ಸಪುರ ಮೈ, ಒಂದೇ ಕಣ್ಣು ಕಾಣುವ ಮುಖ ಇವೆಲ್ಲ ಇಸ್ಲಾಂ ಬಂದಮೇಲೆ ಮನುಷ್ಯರೂಪ ಮರೆಮಾಡಲು ಮಾಡಿದ್ದು ಅಂತ ಪ್ರವಾಸಿಗರಿಗೆ ಹೇಳುವುದುಂಟು. ಅದು ಜನಪ್ರಿಯ ಕಥೆ. ಆ ಶೈಲಿ ಇನ್ನೂ ಅತಿಯಾದದ್ದು ನಂತರವೇ ಇರಬಹುದು. ಆದರೆ ಪೂರ್ವ ಜಾವಾದ ಜಾಗೊ ಮತ್ತು ಪನತರಾನ್ ಗುಡಿಗಳ ಗೋಡೆಗಳಲ್ಲಿ, 13 ಮತ್ತು 14ನೇ ಶತಮಾನದ ಉಬ್ಬುಶಿಲ್ಪಗಳಲ್ಲೇ ಚಪ್ಪಟೆಯಾದ, ಪಕ್ಕಕ್ಕೆ ತಿರುಗಿದ ಗೊಂಬೆಯಂಥ ಆಕೃತಿಗಳಿವೆ.

ಅತ್ತೆಯವರ ಬೇಸರಕ್ಕೆ ಎರಡು ಮಾತು. ಜಾವಾದಲ್ಲಿ ಆಟಕ್ಕೆ ಮೊದಲು ಪರದೆಯ ಕೆಳಗೆ ಬಾಳೆದಿಂಡನ್ನು ಅಡ್ಡ ಇಟ್ಟು ಗೊಂಬೆಗಳನ್ನು ಸಾಲಾಗಿ ಚುಚ್ಚಿ ನಿಲ್ಲಿಸುತ್ತಾರೆ. ದಲಂಗ್‌ನ ಬಲಗಡೆ ಪಾಂಡವರ ಪಕ್ಷದ ವೀರರು, ಎಡಗಡೆ ಅವರ ಎದುರಾಳಿಗಳು, ರಾಕ್ಷಸರು. ಘಟೋತ್ಕಚ ಯಾವಾಗಲೂ ಬಲಗಡೆ. ಅವನು ಅಲ್ಲಿ ಕ್ಷತ್ರಿಯ, ತಾಯಿಯ ರಾಜ್ಯ ಪ್ರಿಂಗ್ಗಂದಾನಿಯ ರಾಜ. ಕುಂಡದಿಂದ ಎದ್ದ ಮೇಲೆ ಕೋರೆಹಲ್ಲು ಕತ್ತರಿಸಿದರು ಅಂತಲೂ ಕೆಲವು ಕಡೆ ಹೇಳುತ್ತಾರೆ. ನಮ್ಮ ಯಕ್ಷಗಾನದಲ್ಲಿ ಅವನದು ಅಬ್ಬರದ ಬಣ್ಣದ ವೇಷ, ಅಲ್ಲಿ ಅವನು ಅರ್ಜುನನ ಮಗಳು ಪೆರ್ಗಿವಾಳ ಮೇಲೆ ಮನಸ್ಸಿಟ್ಟು ನಾಚಿಕೊಂಡು ಕುಣಿಯುವ ಪ್ರೇಮಿ. ಆ ಪ್ರೇಮದ ನೃತ್ಯವೇ ಬೇರೆ ಇದೆ. ಇಂಡೋನೇಷ್ಯಾದಲ್ಲೇ ರೂಪುಗೊಂಡ ಎನ್-250 ವಿಮಾನ 1995ರ ಆಗಸ್ಟ್ 10ರಂದು ಮೊದಲ ಸಲ ಹಾರಿದಾಗ ಅದಕ್ಕೆ ಇಟ್ಟ ಹೆಸರು ಘಟೋತ್ಕಚನದೇ. ಬಾಲಿಯ ವಿಮಾನ ನಿಲ್ದಾಣದ ಹತ್ತಿರವೂ ಅವನ ದೊಡ್ಡ ಪ್ರತಿಮೆ ನಿಂತಿದೆ.

ಕಪ್ಪು ಮುಖಕ್ಕೆ ಹೆದರಬೇಕಾಗಿಲ್ಲ. ಅದು ಗಟ್ಟಿತನ, ಸ್ಥಿರ ಮನಸ್ಸಿನ ಗುರುತು. ಒಬ್ಬನೇ ಪಾತ್ರಕ್ಕೆ ಅಲ್ಲಿ ಬೇರೆ ಬೇರೆ ಮನಸ್ಥಿತಿಯ ಗೊಂಬೆಗಳಿರುತ್ತವೆ. ಘಟೋತ್ಕಚನಿಗೆ 'ಗುಡುಗು', 'ಮಿಂಚು' ಅನ್ನುವ ಹೆಸರಿನ ರೂಪಗಳೂ ಇವೆ. ಚರ್ಮದ ಮಾತಿಗೆ ಬಂದರೆ, ನಾವು ದೇವರ ಮುಂದೆ ಬಾರಿಸುವ ಚೆಂಡೆ, ಮದ್ದಳೆಯೂ ಚರ್ಮದ್ದೇ ಅಲ್ವಾ? ನಮ್ಮ ಶಿಳ್ಳೇಕ್ಯಾತರೂ ರಾಮ, ಸೀತೆಯನ್ನು ತೊಗಲಲ್ಲೇ ಬಿಡಿಸಿ ಪೂಜೆ ಮಾಡಿಯೇ ಆಟ ಶುರುಮಾಡುತ್ತಾರೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ. ಇಷ್ಟಾದರೂ ಅತ್ತೆಗೆ ಒಪ್ಪಿಗೆ ಆಗದಿದ್ದರೆ ವಾದ ಬೆಳೆಸಬೇಡಿ. ಗೊಂಬೆಯನ್ನು ಚಾವಡಿಗೆ ತನ್ನಿ. ದೇವರ ಕೋಣೆಯ ದೀಪದ ಹೊಗೆ, ಎಣ್ಣೆಯ ಜಿಡ್ಡು ಹೇಗೂ ಈ ಗೊಂಬೆಗೆ ಒಳ್ಳೆಯದಲ್ಲ. ಹಾಗಾಗಿ ಅತ್ತೆಯವರ ಮಾತು ಕೇಳಿದರೆ ಗೊಂಬೆಗೇ ಲಾಭ.

ಈಗ ಗೊಂಬೆಯ ಆರೋಗ್ಯ. ಅದು ಎಮ್ಮೆ-ಕೋಣದ ಚರ್ಮ. ಹದ ಮಾಡಿದ ಚಪ್ಪಲಿ ಚರ್ಮವಲ್ಲ, ಕೂದಲು ಹೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿದ ಹಸಿ ಚರ್ಮ. ಗಾಳಿಯಲ್ಲಿ ತೇವ ಇದ್ದರೆ ಕುಡಿಯುತ್ತದೆ, ಒಣಗಿದರೆ ಬಿಡುತ್ತದೆ. ಒಂದು ಬದಿ ಜಾಸ್ತಿ, ಒಂದು ಬದಿ ಕಡಿಮೆ ಕುಡಿದಾಗ ಮುರುಟುತ್ತದೆ. ನೀವು ತೂಗುಹಾಕಿದ್ದು ಹೊರಗೋಡೆಯಾಗಿದ್ದರೆ, ಕರಾವಳಿಯ ಮಳೆಯಲ್ಲಿ ಆ ಗೋಡೆಯೇ ತೇವ ಹೀರಿ ಗೊಂಬೆಯ ಬೆನ್ನಿಗೆ ದಾಟಿಸಿರುತ್ತದೆ. ಬಣ್ಣವನ್ನು ಹಿಡಿದಿಟ್ಟ ಅಂಟು ಸಾಂಪ್ರದಾಯಿಕವಾಗಿ ನೀರಿಗೆ ಕರಗುವಂಥದ್ದು. ಬಂಗಾರದ ಬಣ್ಣ ಒಳ್ಳೆಯ ಗೊಂಬೆಯಲ್ಲಿ ಚಿನ್ನದ ರೇಕು, ಅಗ್ಗದ್ದರಲ್ಲಿ ಕಂಚಿನ ಪುಡಿ. ಕಂಚಿನದ್ದು ಬರಬರುತ್ತಾ ಮಂಕಾಗುತ್ತದೆ.

ಆದ್ದರಿಂದ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಸ್ಯಾನಿಟೈಸರ್ ಬೇಡ. ಬಿಸಿಲಿಗೆ ಇಡಬೇಡಿ, ಇಸ್ತ್ರಿಪೆಟ್ಟಿಗೆಯಂತೂ ಬೇಡವೇ ಬೇಡ. ಬಿಸಿ ತಾಗಿದರೆ ಹಸಿ ಚರ್ಮ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ, ಮತ್ತೆ ಸರಿಯಾಗುವುದಿಲ್ಲ. ಎಣ್ಣೆಯನ್ನೂ ಹಚ್ಚಬೇಡಿ. ಒಂದು ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಹೊಳಪು ಬರಲಿ ಅಂತ ಕೊಬ್ಬರಿ ಎಣ್ಣೆ ಸವರಿ ನನ್ನ ಹತ್ತಿರ ತಂದಿದ್ದರು. ಸಣ್ಣ ಸಣ್ಣ ತೂತುಗಳಲ್ಲೆಲ್ಲ ಎಣ್ಣೆ ಧೂಳು ಹಿಡಿದು ಕಪ್ಪು ಅಂಟಾಗಿತ್ತು. ಸೀತೆಯ ಸೆರಗಿನ ಕೆಂಪು ಬೆರಳಿಗೇ ಬಂತು. ಅದನ್ನು ಪೂರ್ತಿ ಸರಿಮಾಡಲು ನನ್ನಿಂದ ಆಗಲಿಲ್ಲ.

ಮೊದಲು ಬೂಷ್ಟು ತೆಗೆಯಿರಿ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಜಗಲಿಯ ನೆರಳಿಗೆ ತನ್ನಿ. ಮಕ್ಕಳು ಚಿತ್ರ ಬಿಡಿಸುವ ಮೆತ್ತನೆಯ ಒಣ ಕುಂಚದಿಂದ ನಿಧಾನವಾಗಿ ಉಜ್ಜಿ. ಬಣ್ಣದ ಚೂರು ಏಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಫ್ಯಾನ್ ಇರುವ ಕೋಣೆಯಲ್ಲಿ ಎರಡು ಮೂರು ದಿನ ಗಾಳಿಗೆ ಬಿಡಿ, ಫ್ಯಾನಿನ ನೇರಕ್ಕೆ ಬೇಡ. ನಂತರ ಎರಡು ಬದಿಗೂ ಬಿಳಿ ಬ್ಲಾಟಿಂಗ್ ಪೇಪರ್ ಇಟ್ಟು ಹಲಗೆ ಹೊದಿಸಿ, ಮೇಲೆ ಪುಸ್ತಕಗಳ ಭಾರ ಹೇರಿ. ಮೊದಲ ದಿನ ಒಂದೆರಡು ಪುಸ್ತಕ, ಆಮೇಲೆ ದಿನಕ್ಕೆ ಒಂದೊಂದು ಜಾಸ್ತಿ. ಅವಸರ ಮಾಡಿದರೆ ಮುರುಟಿದ ಜಾಗದಲ್ಲಿ ಬಿರುಕು ಬಿಡುತ್ತದೆ. ಮಧ್ಯದ ಕೋಲು ಉಬ್ಬಿರುವುದರಿಂದ ಆ ಸಾಲಿನಲ್ಲಿ ಭಾರ ಕೂರದ ಹಾಗೆ ನೋಡಿಕೊಳ್ಳಿ. ಆ ಕೋಲು ಕೋಣದ ಕೊಂಬಿನದ್ದಾಗಿದ್ದರೆ ನಿಮಗೆ ಒಳ್ಳೆಯ ಗೊಂಬೆಯೇ ಸಿಕ್ಕಿದೆ. ಅಗ್ಗದ ಗೊಂಬೆಗಳಿಗೆ ಬಿದಿರು ಅಥವಾ ಪ್ಲಾಸ್ಟಿಕ್ ಹಾಕುತ್ತಾರೆ. ಕೊಂಬಿನ ಕೋಲು ಬಾಗಿದ್ದರೆ ನೀವು ನೆಟ್ಟಗೆ ಮಾಡಲು ಹೋಗಬೇಡಿ, ಅದು ಕುಶಲಕರ್ಮಿಯ ಕೆಲಸ.

ಮುಂದೆ ಹೇಗೆ ಇಡುವುದು? ಹಾಗೇ ಗೋಡೆಗೆ ತೂಗುಹಾಕಿದರೆ ಗಾಳಿ ಆಡುತ್ತದೆ, ಕಣ್ಣಿಗೂ ಚೆಂದ. ಆದರೆ ಧೂಳು, ಹಲ್ಲಿ, ಜಿರಳೆಯ ಕಾಟ. ಗಾಜಿನ ಚೌಕಟ್ಟು ಹಾಕಿಸಿದರೆ ಧೂಳು ಬರುವುದಿಲ್ಲ, ಆದರೆ ಫ್ರೇಮ್ ಅಂಗಡಿಯವರು ಸಾಮಾನ್ಯವಾಗಿ ಗಾಜಿಗೆ ಒತ್ತಿ ಕೂರಿಸುತ್ತಾರೆ. ಆಗ ಒಳಗೆ ತೇವ ಸಿಕ್ಕಿಕೊಂಡು ಬಣ್ಣ ಗಾಜಿಗೇ ಅಂಟುತ್ತದೆ. ಹಾಕಿಸುವುದಾದರೆ ಗಾಜಿಗೂ ಗೊಂಬೆಗೂ ನಡುವೆ ಒಂದು ಬೆರಳು ದಪ್ಪ ಜಾಗ ಬಿಡಿಸಿ, ಹಿಂಬದಿಯಲ್ಲಿ ಗಾಳಿ ಆಡಲು ಸಂದಿ ಇರಲಿ, ಗೋಂದು ಹಾಕದೆ ದಾರದಿಂದ ಕಟ್ಟಿಸಿ. ಮೂರನೆಯದು ದಲಂಗ್‌ಗಳೇ ಮಾಡುವ ಕ್ರಮ. ಮರದ ಪೆಟ್ಟಿಗೆಯಲ್ಲಿ ಹತ್ತಿ ಬಟ್ಟೆ ಹಾಸಿ ಗೊಂಬೆಯನ್ನು ಮಟ್ಟಸವಾಗಿ ಮಲಗಿಸುವುದು, ಆಗಾಗ ತೆಗೆದು ಗಾಳಿಗೆ ಹಿಡಿಯುವುದು. ಮರೆತರೆ ಮಾತ್ರ ಹುಳ ಬೀಳುತ್ತದೆ. ನಿಮ್ಮ ಊರಿನ ಹವೆಗೆ ನನ್ನ ಸಲಹೆ ಇದು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆ, ಆಮೇಲೆ ಚಾವಡಿಯ ಒಳಗೋಡೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್‌ನ ಒಂದೆರಡು ಪೊಟ್ಟಣ ಸಾಕು. ಜಾಸ್ತಿ ಹಾಕಿದರೆ ಚರ್ಮ ಒಣಗಿ ಪೆಡಸಾಗುತ್ತದೆ. ಎತ್ತುವಾಗ ಯಾವಾಗಲೂ ಮಧ್ಯದ ಕೋಲಿನಿಂದ ಎತ್ತಿ, ಕೈ ಹಿಡಿದು ಎತ್ತಬೇಡಿ. ತೋಳಿನ ಕೀಲು ಬೇಗ ಹರಿಯುತ್ತದೆ.

ಇನ್ನು ಮಗಳ ಸ್ಪರ್ಧೆ. ವ್ಯಾಸರ ಕಥೆ ಹೇಳಿದರೆ ಯಾರ ಆಕ್ಷೇಪವೂ ಬರುವುದಿಲ್ಲ, ಆದರೆ ಅವಳ ಕೈಯಲ್ಲಿರುವ ಗೊಂಬೆಯ ಕಥೆ ಅದಲ್ಲ. ಎರಡನ್ನೂ ಹೋಲಿಸಿ ಹೇಳುವುದು ಚೆನ್ನಾಗಿರುತ್ತದೆ. ಆದರೆ ಐದು ನಿಮಿಷದಲ್ಲಿ ಹನ್ನೆರಡು ವರ್ಷದ ಮಗು ಎರಡು ಭಾರತ ಹೊತ್ತರೆ ಕಥೆ ಹೋಗಿ ಪಾಠವಾಗುತ್ತದೆ. ಬರೀ ಜಾವಾದ ಕಥೆ ಹೇಳಿದರೆ 'ಇದು ಭಾರತದಲ್ಲಿ ಎಲ್ಲಿದೆ?' ಅಂತ ತೀರ್ಪುಗಾರರು ಕೇಳಬಹುದು. ಆದರೂ ನಾನು ಇದನ್ನೇ ಆರಿಸುತ್ತೇನೆ. ಮೊದಲ ವಾಕ್ಯದಲ್ಲೇ 'ಇದು ಜಾವಾದ ಗೊಂಬೆಯಾಟದವರು ಹೇಳುವ ಘಟೋತ್ಕಚನ ಕಥೆ' ಅಂದುಬಿಡಲಿ. ಎಲ್ಲ ಪ್ರಸಂಗ ತುಂಬಿಸದೆ ಒರೆಯಿಂದ ಶುರುಮಾಡಿ, ಒರೆಯಲ್ಲೇ ಮುಗಿಸಲಿ. ಶಕ್ತ್ಯಾಯುಧ ಮತ್ತು ಕೊಂತ ಎರಡನ್ನೂ ಒಂದೇ ಕಥೆಯಲ್ಲಿ ಬೆರೆಸದಿದ್ದರೆ ಸಾಕು.

ಅಭ್ಯಾಸಕ್ಕೆ ಮಾವನವರನ್ನೇ ಕೇಳಿ. ಕೊಂತ ಎಸೆಯುವ ಮುಂಚೆ ಕರ್ಣ ಏನು ಮಾತಾಡಬಹುದು ಅನ್ನುವುದನ್ನು ಅವರಷ್ಟು ಚೆನ್ನಾಗಿ ಯಾರು ಹೇಳಿಕೊಟ್ಟಾರು? ಗೊಂಬೆ ಸರಿಯಾದ ಮೇಲೆ ಒಂದು ರಾತ್ರಿ ಬಿಳಿ ಪಂಚೆ ಕಟ್ಟಿ, ಹಿಂದೆ ದೀಪ ಇಟ್ಟು ಅಜ್ಜ-ಮೊಮ್ಮಗಳು ಆಡಿ ನೋಡಲಿ. ದೀಪಕ್ಕೆ ಎಲ್‌ಇಡಿ ಬಲ್ಬ್ ಇರಲಿ, ಎಣ್ಣೆಯ ದೀಪ ಬೇಡ. ಹಾರುವಾಗ ಗೊಂಬೆಯನ್ನು ಬೆಳಕಿನ ಕಡೆಗೆ ಎಳೆಯಲು ಹೇಳಿ, ಆದರೆ ಬಲ್ಬಿಗೂ ಗೊಂಬೆಗೂ ಒಂದು ಮೊಳ ದೂರ ಇರಲೇಬೇಕು.